ನಾಲೆಗೆ ಅಡ್ಡ ಕೂತ ಅಳಿಯ

ಇಡೀ ತುರುವೇಕೆರೆ ತಾಲ್ಲೂಕಿನಲ್ಲಿ ಕಯಾಕ್ ಎಂಬ ದೋಣಿಯನ್ನು ನಡೆಸಬಲ್ಲ ಏಕೈಕ ವ್ಯಕ್ತಿ ನಾನು ಎಂದು ಒಂದು ಕಾಲದಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆ. ಯಾರೂ ಇಲ್ಲವೆನ್ನುತ್ತಿರಲಿಲ್ಲ. ಅಂಥ ದೋಣಿ ತೇಲುವಷ್ಟು ನೀರು ನಮ್ಮ ಕಡೆ ಎಲ್ಲೂ ಹರಿಯುತ್ತಿರಲಿಲ್ಲವಾದ್ದರಿಂದ ನನ್ನನ್ನು ಪರೀಕ್ಷೆ ಮಾಡುವ ಅವಕಾಶವೂ ಯಾರಿಗೂ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಬೇಸಿಗೆ ರಜೆಗೆ ನಮ್ಮಂಥ ಕೆಲವರನ್ನು ಆರಿಸಿ ಜಲಸಾಹಸ ತರಬೇತಿಗೆ ಕಳಿಸಿದರು. ಅದು ಅಣೆಕಟ್ಟೆಯ ಕೆಳಗಿನ ನದಿ. ಬೆಳಿಗ್ಗೆ ಹೋದರೆ ಬರೀ ಬಂಡೆ. ಮೇಲೆ ಗೇಟು ಎತ್ತಿದ ಸ್ವಲ್ಪ ಹೊತ್ತಿಗೆ ನದಿ ಎದ್ದು ಬಂದು ಬಂಡೆಗಳ ಸಂದಿಯಲ್ಲಿ ಬೆಳ್ಳಗೆ ನೊರೆ ಕಕ್ಕುತ್ತಾ ಓಡುತ್ತಿತ್ತು. ಆ ನೊರೆಯಲ್ಲಿ, ಮೂತಿ ಚೂಪಾದ ಪುಟ್ಟ ದೋಣಿಯೊಳಗೆ ಸೊಂಟದವರೆಗೆ ತೂರಿಕೊಂಡು, ಎರಡೂ ತುದಿಗೆ ಹಲಗೆಯಿರುವ ಹುಟ್ಟು ಹಿಡಿದು ಇಳಿಯಬೇಕು. ಇಳಿದೆ. ಬಹುಪಾಲು ತಲೆಕೆಳಗಾಗಿಯೇ ಇಳಿದೆ. “ನೀರಿನ ಜೊತೆ ಜಗಳ ಆಡಬೇಡಿ ಮೇಷ್ಟ್ರೇ, ಅದು ಹೋದ ಕಡೆ ಹೋಗಿ,” ಎಂದು ತರಬೇತುದಾರರು ಹೇಳಿದರು. ಹಾಗೇ ಮಾಡಿದೆ. ಕೆಳಗಿನ ಊರಿನಿಂದ ನನ್ನನ್ನು ಜೀಪಿನಲ್ಲಿ ವಾಪಸು ಕರೆತಂದರು.

ಕೊನೆಯ ದಿನ ಅಲ್ಲಿ ಬಿರುಕು ಬಿಟ್ಟ ಒಂದು ಕಿತ್ತಳೆ ಬಣ್ಣದ ಕಯಾಕನ್ನು ಎಸೆಯುವುದಿತ್ತು. ನಾನು ಕೇಳಿ ಪಡೆದು, ಕೊಬ್ಬರಿ ಇಳಿಸಿ ತಿಪಟೂರಿಗೆ ಖಾಲಿ ಬರುತ್ತಿದ್ದ ಲಾರಿಯ ಮೇಲೆ ಹಾಕಿಸಿಕೊಂಡು ಮನೆಗೆ ತಂದೆ. ನನ್ನ ಹೆಂಡತಿ ಗಿರಿಜಾ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಳು.

“ಏನ್ರೀ ಇದು?”

“ಕಯಾಕ್.”

“ಎಷ್ಟು ಜನ ಕೂರ್ಬೋದು?”

“ಒಬ್ರೇ.”

“ಮತ್ತೆ ನಾನು?”

“ನೀನು ದಡದಲ್ಲಿ ನಿಂತು ಫೋಟೋ ತೆಗೀಬೇಕು.”

“ಒಳ್ಳೇದಾಯ್ತು ಬಿಡಿ,” ಎಂದು ಅವಳು ಒಳಗೆ ಹೋದಳು. ಹೆಂಡತಿ ಒಪ್ಪಿದಳೆಂದು ನಾನು ತಿಳಿದುಕೊಂಡೆ.

ಈಗ ನಮ್ಮ ಮಾವನವರ ವಿಚಾರ ಹೇಳಬೇಕು. ಗಿರಿಜಾಳ ಅಪ್ಪ ಅಪ್ಪಟ ತೆಂಗಿನ ತೋಟದ ಮನುಷ್ಯ. ಅವರ ಲೆಕ್ಕದಲ್ಲಿ ಕೆಲಸ ಎಂದರೆ ಬೆವರಬೇಕು, ಇಲ್ಲವೇ ಕುರ್ಚಿಯಲ್ಲಿ ಕೂತು ಸಹಿ ಹಾಕಬೇಕು. ನಾನು ಎರಡಕ್ಕೂ ಸೇರದವನು. ನೆಂಟರಿಗೆ ನನ್ನನ್ನು ಪರಿಚಯ ಮಾಡಿಕೊಡುವಾಗ, “ನಮ್ಮಳಿಯಂದ್ರು. ವಿಷಲ್ ಊದ್ತಾರೆ,” ಎನ್ನುತ್ತಿದ್ದರು. ಅಷ್ಟೇ. ಆಮೇಲೆ ಮಾತು ಕೊಬ್ಬರಿ ಧಾರಣೆಗೆ ಹೊರಳುತ್ತಿತ್ತು. ಈ ಮನುಷ್ಯನ ಬಾಯಲ್ಲಿ ಒಮ್ಮೆಯಾದರೂ ‘ಭೇಷ್’ ಅನ್ನಿಸಿಕೊಳ್ಳಬೇಕೆಂಬುದು ನನ್ನ ಜೀವನದ ಗುರಿಯಾಗಿತ್ತು.

ಅವರ ಊರು ಹೇಮಾವತಿ ನಾಲೆಯ ಒಂದು ಕವಲಿನ ಕಟ್ಟಕಡೆಯಲ್ಲಿದೆ. ಕೊನೆಯ ಊರಿಗೆ ನೀರು ಮುಟ್ಟುವುದೇ ಒಂದು ಪವಾಡ. ರಾತ್ರೋರಾತ್ರಿ ಮೇಲಿನ ಊರಿನವರು ಕಲ್ಲು, ಮಣ್ಣಿನ ಚೀಲ, ತೆಂಗಿನ ಸಿಪ್ಪೆ ತುಂಬಿ ಅಡ್ಡ ಕಟ್ಟಿ ನೀರು ತಿರುಗಿಸಿಕೊಳ್ಳುತ್ತಿದ್ದರು. ಕೆಳಗಿನ ಮಾವನ ಊರಿನವರು ಗುದ್ದಲಿ ಹಿಡಿದು ಹೋಗಿ ಒಡೆಯುತ್ತಿದ್ದರು. ಆ ವರ್ಷ ಎರಡೂ ಊರಿನವರು ಅರಳಿಕಟ್ಟೆಯ ಮೇಲೆ ಕೂತು ನ್ಯಾಯ ಮಾಡಿಕೊಂಡರು: ನೀರು ಬಿಟ್ಟ ಮೊದಲ ದಿನ ಹೊತ್ತು ಮುಳುಗುವವರೆಗೆ ಕೆಳಗಿನ ಊರಿಗೆ, ಆಮೇಲೆ ಮುಂದಿನ ಸರದಿಯವರೆಗೆ ಪೂರ್ತಿ ಮೇಲಿನ ಊರಿಗೆ. ಮಾವ ಆ ವರ್ಷ ಮನೆ ಹಿಂದಿನ ಹೊಲಕ್ಕೆಲ್ಲ ತೆಂಗಿನ ಸಸಿ ಇಟ್ಟಿದ್ದರು. ಮೊಮ್ಮಕ್ಕಳನ್ನು ನೋಡುವ ಹಾಗೆ ನೋಡಿಕೊಳ್ಳುತ್ತಿದ್ದರು. ಆ ಒಂದು ದಿನದ ನೀರು ಸಸಿಗಳಿಗೆ ಸಿಗಲೇಬೇಕಿತ್ತು. ಆದ್ದರಿಂದ ಎಲ್ಲರೆದುರು ಎದ್ದು ನಿಂತು ಗುಡುಗಿದ್ದರು:

“ನಾಲೆಗೆ ಯಾವನು ಅಡ್ಡ ಹಾಕ್ತಾನೋ, ಅವನ ಮನೆಗೆ ನಮ್ಮೂರಿನ ಹೆಣ್ಣು ಕೊಡಕೂಡ್ದು.”

ಸಭೆ ಒಪ್ಪಿತು. ನಾನೂ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೆ.

ನನ್ನ ಯೋಜನೆ ಬಹಳ ಸರಳವಾಗಿತ್ತು. ನೀರು ಬಂದ ದಿನ ಕೆಳಗಿನ ಊರಿನವರೆಲ್ಲ ನಾಲೆಯ ಸೇತುವೆಯ ಮೇಲೆ ನಿಂತು ಕಾಯುತ್ತಾರೆ. ಆ ನೀರಿನ ಮೇಲೆ, ಕಿತ್ತಳೆ ಬಣ್ಣದ ಕಯಾಕಿನಲ್ಲಿ, ಅಳಿಯನಾದ ನಾನು ಬಂದು ಇಳಿಯುವುದು. ಮಾವ ಬಾಯಿ ತೆರೆಯುವುದು. ಬಾಯಿಂದ ‘ಭೇಷ್’ ಹೊರಬೀಳುವುದು.

ಸಿದ್ಧತೆ ಆರಂಭವಾಯಿತು. ಬಿರುಕಿಗೆ ಡಾಂಬರು ಮೆತ್ತಿದೆ. ತಲೆಗೆ ಸ್ಕೂಟರಿನ ಹೆಲ್ಮೆಟ್. ತೆಂಗಿನ ಗರಿಯ ಬುಡದ ಅಗಲವಾದ ಎರಡು ಮಟ್ಟೆಗಳನ್ನು ಬಿದಿರಿನ ಎರಡು ತುದಿಗೆ ಕಟ್ಟಿದಾಗ ಹುಟ್ಟೂ ತಯಾರಾಯಿತು. ಉಳಿದದ್ದು ಒಂದು ಮುಖ್ಯ ಅಂಗ. ಕೂತವನ ಸೊಂಟದ ಸುತ್ತ ಲಂಗದಂಥ ಒಂದು ಹೊದಿಕೆ ಇರುತ್ತದೆ. ಅದನ್ನು ದೋಣಿಯ ಬಾಯಿಗೆ ಬಿಗಿದರೆ ನೀರು ಒಳಗೆ ಬರುವುದಿಲ್ಲ. ಅಲ್ಲಿ ಅದಕ್ಕೆ ರಬ್ಬರಿನ ಅಂಚಿತ್ತು, ಒಂದು ಕುಣಿಕೆ ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ನಾನು ಟಾರ್ಪಾಲಿನಲ್ಲಿ ಹೊಲಿಸಿ, ಅಂಚಿಗೆ ತೆಂಗಿನ ನಾರಿನ ಹಗ್ಗ ಹಾಕಿದೆ. ನಾರಿನ ಹಗ್ಗದ ಗಂಟು ನೆನೆದರೆ ಬಿಗಿಯುತ್ತದೆ ಎನ್ನುವುದು ನಮ್ಮ ಸೀಮೆಯ ಕರುವಿಗೂ ಗೊತ್ತು. ತೆಂಗಿನ ಮರದ ಕೆಳಗೇ ಹುಟ್ಟಿ ಬೆಳೆದ ನನಗೆ ಮಾತ್ರ ಆ ಕ್ಷಣಕ್ಕೆ ಹೊಳೆಯಲಿಲ್ಲ.

ಸೋಮವಾರ ನೀರು ಬಿಡುತ್ತಾರೆಂದು ಸುದ್ದಿ ಬಂತು. ನಮ್ಮ ಕಡೆ ಹುಟ್ಟಿದವರಿಗೆ ಇದರ ಅರ್ಥ ಗೊತ್ತು. ಸೋಮವಾರ ಎಂದರೆ ಬುಧವಾರ. ಬುಧವಾರ ಎಂದರೆ ದೇವರೇ ಬಲ್ಲ. ಆದ್ದರಿಂದ ಸೋಮವಾರ ಒಣ ನಾಲೆಯಲ್ಲೇ ಕೂತು ಫೋಟೋ ತೆಗೆಸಿಕೊಳ್ಳೋಣ, ಬುಧವಾರ ಸವಾರಿ ಎಂದು ತೀರ್ಮಾನಿಸಿದೆ. ಎತ್ತಿನ ಗಾಡಿಯಲ್ಲಿ ದೋಣಿ ಹೇರಿಸಿ ಮೇಲಿನ ಊರಿಗಿಂತ ಸ್ವಲ್ಪ ಮೇಲೆ ನಾಲೆಗೆ ಇಳಿಸಿದೆವು. ಗಾಡಿಯವನು ಹೋದ.

ನಾನು ದೋಣಿಯೊಳಗೆ ತೂರಿಕೊಂಡೆ. ಗಿರಿಜಾ ಹಗ್ಗ ಬಿಗಿದಳು.

“ಇನ್ನೂ ಬಿಗಿ,” ಎಂದೆ. “ಫೋಟೋದಲ್ಲಿ ಜೋಲು ಕಾಣ್ಬಾರ್ದು.”

ಅವಳು ಕಾಲು ಕೊಟ್ಟು ಎಳೆದು, ಕೊಬ್ಬರಿ ಮೂಟೆಗೆ ಹಾಕುವ ಗಂಟು ಹಾಕಿದಳು. ತೋಟದ ಮನೆಯ ಮಗಳು. ಆ ಗಂಟು ಲಾರಿ ದಾವಣಗೆರೆ ಮುಟ್ಟಿದರೂ ಬಿಚ್ಚುವುದಿಲ್ಲ.

“ರೀ, ಅದೇನೋ ಸದ್ದು ಬರ್ತಿದೆ,” ಎಂದಳು ದಡ ಹತ್ತಿ.

“ಗಾಳಿ.”

“ಗಾಳಿಗೆ ಚಪ್ಪಲಿ ಬರುತ್ತಾ?”

ತಿರುಗಿ ನೋಡಿದೆ. ನಾಲೆಯ ತಿರುವಿನಿಂದ ಒಂದು ಹವಾಯಿ ಚಪ್ಪಲಿ ನಿಧಾನವಾಗಿ ನನ್ನತ್ತ ಬರುತ್ತಿತ್ತು. ಅದರ ಹಿಂದೆ ಎಳನೀರಿನ ಬುರುಡೆಗಳು. ಅವುಗಳ ಹಿಂದೆ ವರ್ಷವಿಡೀ ಜನ ನಾಲೆಗೆ ಸುರಿದಿದ್ದ ತೆಂಗಿನ ಸಿಪ್ಪೆಯ ರಾಶಿ. ಇವೆಲ್ಲವನ್ನೂ ಗುಡಿಸಿಕೊಂಡು ಕೆಂಚನೆಯ ನೀರು. ನನಗೆ ತಿಳಿದಂತೆ ನಾಲೆಯ ಚರಿತ್ರೆಯಲ್ಲಿ ಮೊದಲ ಬಾರಿಗೆ, ಹೇಳಿದ ದಿನವೇ ನೀರು ಬಂದಿತ್ತು!

“ಇಳೀರಿ!” ಎಂದಳು ಗಿರಿಜಾ.

ಇಳಿಯುವುದು ಹೇಗೆ? ಗಂಟಿಗೆ ಕೈಹಾಕುವಷ್ಟರಲ್ಲಿ ನೀರು ದೋಣಿಯ ಬುಡಕ್ಕೆ ನುಗ್ಗಿ ನನ್ನನ್ನು ಮೆಲ್ಲಗೆ ಎತ್ತಿತು. ಚಪ್ಪಲಿ ಮುಂದೆ, ನಾನು ಹಿಂದೆ, ಇಬ್ಬರೂ ಹೊರಟೆವು. ಗಿರಿಜಾ ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಸೀರೆಯ ನೆರಿಗೆ ಹಿಡಿದು ಏರಿಯ ಮೇಲೆ ಓಡತೊಡಗಿದಳು.

“ಹುಟ್ಟು ಹಾಕ್ರೀ!”

ಹಾಕಿದೆ. ಒಂದು ಮಟ್ಟೆ ಕಳಚಿಕೊಂಡು ಹೋಯಿತು. ಇನ್ನೊಂದು ಕಡೆ ಮಾತ್ರ ಹಾಕಿದ್ದರಿಂದ ದೋಣಿ ಬುಗುರಿಯಾಗಿ ಒಂದು ಸುತ್ತು ತಿರುಗಿತು. ಮುಂದೆ ನಾಲೆ ಆಳೆತ್ತರ ಕೆಳಕ್ಕೆ ಧುಮುಕುವ ಜಾಗ. ಅಲ್ಲಿ ನೀರು ಬೆಳ್ಳಗೆ ನೊರೆಯಾಗಿತ್ತು. ನನ್ನ ತರಬೇತಿ ಇದ್ದದ್ದೇ ಇದಕ್ಕೆ. ಆದರೆ ತರಬೇತಿಯಲ್ಲಿ ಹಿಂದುಮುಂದಾಗಿ ಧುಮುಕುವುದನ್ನು ಕಲಿಸಿರಲಿಲ್ಲ. ಆ ವಿದ್ಯೆಯನ್ನು ನಾನು ಸ್ವಂತವಾಗಿ, ಕಣ್ಣು ಮುಚ್ಚಿಕೊಂಡು ಕಲಿತೆ.

ಕಣ್ಣು ತೆರೆದಾಗ ಬದುಕಿದ್ದೆ. ದೋಣಿ ನೆಟ್ಟಗೇ ತೇಲುತ್ತಿತ್ತು. ಸಂತೋಷ ಉಕ್ಕಿಬಂತು. ನಗುತ್ತಾ ಗಿರಿಜಾಳಿಗೆ ಕೈಬೀಸಿದೆ. ಆಗ ಮೋರಿ ಬಂತು.

ಮೇಲಿನ ಊರಿನ ಬಳಿ ರಸ್ತೆಯಡಿ ನಾಲೆ ಕಿರಿದಾಗಿ ಒಂದು ಮೋರಿಯಲ್ಲಿ ನುಗ್ಗುತ್ತದೆ. ಉದ್ದವಾಗಿ ಹೋಗಿದ್ದರೆ ದೋಣಿ ದಾಟಿಬಿಡುತ್ತಿತ್ತು. ಕೈಬೀಸುವ ಸಂಭ್ರಮದಲ್ಲಿ ದೋಣಿ ಅಡ್ಡ ತಿರುಗಿತ್ತು. ಮೂತಿ ಈ ಗೋಡೆಗೆ, ಬಾಲ ಆ ಗೋಡೆಗೆ ಗಕ್ಕನೆ ಸಿಕ್ಕಿಕೊಂಡಿತು. ಹಿಂದೆಯೇ ಬಂದ ಸಿಪ್ಪೆಯ ರಾಶಿ ಸಂದಿಗೊಂದಿಯನ್ನೆಲ್ಲ ಮುಚ್ಚಿತು. ನೀರು ನಿಂತಿತು. ಏರತೊಡಗಿತು. ಅಣೆಕಟ್ಟೆಯ ಕೆಳಗೆ ದೋಣಿ ನಡೆಸಲು ಕಲಿತು ಬಂದಿದ್ದ ನಾನು ಈಗ ಸ್ವತಃ ಅಣೆಕಟ್ಟೆಯಾಗಿದ್ದೆ.

ಸದ್ದು ಕೇಳಿ ಮೇಲಿನ ಊರಿನವರು ಬಂದರು. ಅವರ ಹಿರಿಯ ಪುಟ್ಟಸ್ವಾಮಣ್ಣ ಮೊದಲು ನನ್ನನ್ನು ನೋಡಿದ. ಆಮೇಲೆ ಪಕ್ಕದ ತನ್ನ ತೋಟ ನೋಡಿದ. ಏರಿದ ನೀರು ಏರಿಯ ತಗ್ಗಿನಲ್ಲಿ ಹೊರಳಿ ತೋಟಕ್ಕೆ ಇಳಿಯತೊಡಗಿತ್ತು. ಅವನ ಮುಖದಲ್ಲಿ ಒಂದು ಶಾಂತಿ ಮೂಡಿತು.

ನನ್ನ ಸೊಂಟದ ಗಂಟು ನೆನೆದು ಕಲ್ಲಾಗಿತ್ತು. “ಹಗ್ಗ ಹಾಕಿ ಎಳೀರಣ್ಣ,” ಎಂದೆ.

“ಎಳೀಬಾರ್ದು ಮೇಷ್ಟ್ರೇ. ಸೊಂಟಕ್ಕೆ ಏಟು ಗೀಟು ಬಿದ್ದಿದ್ರೆ? ಡಾಕ್ಟ್ರು ಬರೋಗಂಟ ಅಲುಗಾಡಬ್ಯಾಡಿ.”

“ಡಾಕ್ಟರು ಎಲ್ಲಿದ್ದಾರೆ?”

“ತಿಪಟೂರ್ಗೆ ಹೇಳಿ ಕಳಿಸೀವಿ. ಬತ್ತಾರೆ ನಿಧಾನಕ್ಕೆ.”

ಏದುಸಿರು ಬಿಡುತ್ತಾ ಬಂದ ಗಿರಿಜಾ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಪುಟ್ಟಸ್ವಾಮಣ್ಣ, ಇವತ್ತಿನ ನೀರು ನಮ್ಮಪ್ಪನ ಊರಿಂದು. ಸಸಿಗಳು ಬಾಡ್ತಾ ಅವೆ.”

“ನಾವೇನು ತೂಬು ಮುಟ್ಟಿದ್ವಾ ತಾಯಿ? ನೀರೇ ತಾನಾಗಿ ಬತ್ತೈತೆ. ಬ್ಯಾಡ ಅನ್ನಕಾಯ್ತದಾ?”

ನನಗೆ ಬಹಳ ಮರ್ಯಾದೆ ಮಾಡಿದರು. ಎಳನೀರು ಕೊಟ್ಟರು. ಬಿಸಿಲಿಗೆ ಒಬ್ಬ ಕೊಡೆ ಹಿಡಿದ. ಇನ್ನೊಬ್ಬ ಬಿಸಿ ಬಿಸಿ ಉಪ್ಪಿಟ್ಟು ತಂದು ಬಾಯಿಗೇ ಇಟ್ಟ. ನಾನು ಬೇಡವೆನ್ನಲಿಲ್ಲ. ಗಿರಿಜಾ ನೋಡಿದ ನೋಟಕ್ಕೆ ಎರಡನೇ ತಟ್ಟೆ ಮಾತ್ರ ಬೇಡವೆಂದೆ.

ಹೊತ್ತು ಇಳಿಯುವಾಗ ಕೆಳಗಿನಿಂದ ಗದ್ದಲ ಕೇಳಿಸಿತು. ಬೆಳಿಗ್ಗೆಯಿಂದ ಸೇತುವೆಯ ಮೇಲೆ ಕಾದ ಮಾವ, ಒಂದು ಚಪ್ಪಲಿ ಬಿಟ್ಟರೆ ಬೇರೇನೂ ಬಾರದ್ದನ್ನು ಕಂಡು, ಊರಿನವರೊಂದಿಗೆ ಗುದ್ದಲಿ ಮಚ್ಚು ಹಿಡಿದು ಬರುತ್ತಿದ್ದರು. ಅವರಿಗೆ ದೂರದಿಂದ ಕಂಡದ್ದು ಮೋರಿಗೆ ಅಡ್ಡಲಾದ ಒಂದು ಕಿತ್ತಳೆ ವಸ್ತು, ಅದರ ಮೇಲೆ ಒಂದು ಹೆಲ್ಮೆಟ್, ಹೆಲ್ಮೆಟಿಗೆ ಹಿಡಿದ ಕೊಡೆ.

“ಯಾವನ್ಲಾ ಅವ್ನು, ಅಡ್ಡ ಹಾಕ್ಕೊಂಡು ರಾಜನಂಗೆ ಕುಂತಿರೋನು? ಅವನ ಮನೆಗೆ ಹೆಣ್ಣು ಕೊಟ್ಟೋನ ಮುಖಕ್ಕೆ ನಾನು...”

ನಾನು ಹೆಲ್ಮೆಟ್ ತೆಗೆದೆ.

“ನಾನು, ಮಾವ.”

ಮಾವನ ಬಾಯಿ ತೆರೆಯಿತು. ಅಷ್ಟು ಮಾತ್ರ ನನ್ನ ಯೋಜನೆಯಂತೆಯೇ ನಡೆಯಿತು. ‘ಭೇಷ್’ ಬರಲಿಲ್ಲ. ಅವರ ಪಕ್ಕದಲ್ಲಿದ್ದವನೊಬ್ಬ ಮೆಲ್ಲಗೆ, “ಅಣ್ಣ, ಅಡ್ಡ ಹಾಕಿದೋನ ಮನೆಗೆ ಹೆಣ್ಣು ಕೊಡಕೂಡ್ದು ಅಂದಿದ್ರಿ,” ಎಂದ.

“ಕೊಟ್ಟಾಗೈತೆ ಕಣ್ಲಾ,” ಎಂದು ಮಾವ ಏರಿಯ ಮೇಲೆ ಕುಸಿದು ಕೂತರು.

ಸ್ವಲ್ಪ ಹೊತ್ತಿಗೆ ಎದ್ದು ಮಚ್ಚು ಹಿಡಿದು ನೀರಿಗಿಳಿದರು. ಹಗ್ಗ ನೋಡಿದರು. ನನ್ನ ಕತ್ತು ನೋಡಿದರು. ಮತ್ತೆ ಹಗ್ಗ ನೋಡಿದರು. ಏರಿಯ ಮೇಲಿನಿಂದ ಗಿರಿಜಾ, “ಅಪ್ಪಾ, ಹಗ್ಗ,” ಎಂದಳು. ಒಂದೇ ಏಟಿಗೆ ಹಗ್ಗ ತುಂಡಾಯಿತು. ಜನ ನನ್ನ ಕಂಕುಳಿಗೆ ಕೈಹಾಕಿ ಎಳೆದರು, ದೋಣಿಯನ್ನೂ ಎಳೆದರು. ನಿಂತ ನೀರು ಒಮ್ಮೆಲೇ ಭೋರೆಂದು ಮೋರಿಯೊಳಗೆ ನುಗ್ಗಿತು. ಕೆಳಗಿನ ಊರಿನವರು ಹೋ ಎಂದರು.

“ಹೊತ್ತು ಮುಳುಗ್ತು,” ಎಂದ ಪುಟ್ಟಸ್ವಾಮಣ್ಣ, ಪಡುವಲ ಕಡೆ ಕೈ ತೋರಿಸಿ. “ಇನ್ನು ಸರದಿ ನಮ್ದು.” ಅವನ ಕಡೆಯವರು ಮೋರಿಯ ಮುಂದೆ ಹಲಗೆ ಇಳಿಸಿದರು.

ಮಾವ ಜಗಳಕ್ಕೆ ನಿಂತರು. ಆದರೆ ಪುಟ್ಟಸ್ವಾಮಣ್ಣ ಅರಳಿಕಟ್ಟೆಯ ನ್ಯಾಯವನ್ನೇ ಮುಂದಿಟ್ಟ: “ನಮ್ಮೂರೋರು ಒಂದು ಕಲ್ಲು ಹಾಕಿದ್ರೆ ತೋರ್ಸಿ. ಅಡ್ಡ ಕುಂತಿದ್ದು ನಿಮ್ಮಳಿಯ. ನಿಮ್ಮ ನೀರ ನೀವೇ ಬುಟ್ಕೊಟ್ಟಂಗಾಯ್ತಲ್ಲ.”

ಸಸಿಗಳನ್ನು ಉಳಿಸುವ ಭಾರ ನನ್ನ ಮೇಲೆ ಬಿತ್ತು. ಅಕ್ಷರಶಃ ಹೆಗಲ ಮೇಲೆ ಬಿತ್ತು. ಮುಂದಿನ ಸರದಿ ಬರುವವರೆಗೆ ಶಾಲೆ ಬಿಟ್ಟೊಡನೆ ಮಾವನ ಊರಿನ ಬಸ್ಸು ಹತ್ತಿ ಹೋಗಿ, ಬಾವಿಯಿಂದ ಸೇದಿ, ಸಸಿಸಸಿಗೂ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದೆ. ಮಾವ ಜಗಲಿಯ ಮೇಲೆ ಕೂತಿರುತ್ತಿದ್ದರು. ನಾನು ಸುಧಾರಿಸಿಕೊಳ್ಳಲು ನಿಂತರೆ ನನ್ನದೇ ವಿಷಲ್ ತೆಗೆದುಕೊಂಡು ಊದುತ್ತಿದ್ದರು. ಒಂದು ಸಸಿಯೂ ಸಾಯಲಿಲ್ಲ. ಬೆವರಿದ್ದಕ್ಕೆ ಭೇಷ್ ಎನ್ನಬಹುದೆಂದು ಕಾದೆ. “ಊದೋದು ಭಾರಿ ಸುಲಭ ಕಣ್ರೀ,” ಎಂದರು.

ಆಮೇಲೆ ಪ್ರತಿ ಸಲ ನಾಲೆಗೆ ನೀರು ಬಿಡುವ ಸುದ್ದಿ ಬಂದಾಗಲೂ ನಮ್ಮ ಮನೆಗೆ ಎರಡು ಫೋನು ಬರತೊಡಗಿದವು. ಒಂದು ಮಾವನದು: “ಮಗಾ, ನೀರು ಬುಡ್ತಾರೆ. ನಿನ್ನ ಗಂಡನ್ನ ಮನೇಲಿ ಕೂಡಾಕು.” ಇನ್ನೊಂದು ಪುಟ್ಟಸ್ವಾಮಣ್ಣನದು: “ತಾಯಿ, ಮೇಷ್ಟ್ರು ಬಿಡುವಾಗವ್ರಾ? ಗಾಡಿ ನಾವೇ ಕಳಿಸ್ತೀವಿ. ಉಪ್ಪಿಟ್ಟೂ ಮಾಡಿಸ್ತೀವಿ.”

ಇಷ್ಟು ವರ್ಷ ಆಟದ ಮೇಷ್ಟ್ರಾಗಿ ಓಡಿದ್ದೇನೆ, ಹಾರಿದ್ದೇನೆ, ಎಗರಿದ್ದೇನೆ. ಒಂದು ಊರಿನವರೂ ಬಾ ಎಂದು ಕರೆದಿರಲಿಲ್ಲ. ಕೊನೆಗೂ ನನಗಾಗಿ ಗಾಡಿ ಕಳಿಸುವವರು ಸಿಕ್ಕಿದ್ದು, ಅಲುಗಾಡದೆ ಸಿಕ್ಕಿಹಾಕಿಕೊಂಡು ಕೂರುವುದಕ್ಕೆ.