ಚಹಾ ಬೇಡವೆಂದ ಸಾಹೇಬ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾವೆಲ್ಲ ಕೂತಿರುವ ಈ ಕಟ್ಟೆ ಈಗಿಂದೀಗ ಕುಸಿದು ಗಟಾರ ಸೇರಲಿ. ಕುಸಿಯಲಿಲ್ಲ, ನೋಡಿದಿರಲ್ಲ. ಹಾಗಾದರೆ ಕೇಳಿ.

ಇಂಡಿ ಪಟ್ಟಣದ ಸೊಸಾಯಿಟಿ ಗುಮಾಸ್ತ ಶಂಕ್ರೆಪ್ಪನವರಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು, "ಚಾ ಬಿಡ್ರಿ, ದಿನಾ ಮುಂಜಾನೆ ಅಡ್ಡಾಡ್ರಿ" ಅಂದರು. ಚಹಾ ಹೇಗೋ ಬಿಟ್ಟಾರು. ಆದರೆ ಇಂಡಿಯಲ್ಲಿ ಸುಮ್ಮನೆ ಅಡ್ಡಾಡುವುದು ಹೇಗೆ? ಕೆಲಸವಿಲ್ಲದೆ ನಡೆಯುವವರನ್ನು ಕಂಡರೆ ಮಂದಿ ಬೈಕು ನಿಲ್ಲಿಸುತ್ತಾರೆ. "ಎಲ್ಲಿಗ್ರಿ? ಹತ್ರಿ, ಬಿಡ್ತೇನಿ." ಎಲ್ಲಿಗೂ ಇಲ್ಲ ಅಂದಿರೋ, ಗಂಡಹೆಂಡಿರಿಗೆ ಜಗಳವಾಗಿದೆಯೆಂದು ಮಧ್ಯಾಹ್ನದೊಳಗೆ ಮಾವನ ಮನೆಗೆ ಫೋನು ಹೋಗಿರುತ್ತದೆ.

ಅದಕ್ಕೇ ಆ ಚಳಿಗಾಲದ ಭಾನುವಾರ ಶಂಕ್ರೆಪ್ಪನವರು ಹೆಂಡತಿ ಯಶೋಧಾ ಹೆಣೆದ ಮಂಕಿ ಟೋಪಿ ಹಾಕಿಕೊಂಡು, ಗುರುತಿನವರು ಯಾರೂ ಇಲ್ಲದ ಊರ ಆ ತುದಿಗೆ ಹೋದರು. ಯಾರಾದರೂ ಕೇಳಿದರೆ ಹೇಳಲೊಂದು ಕೆಲಸ ಬೇಕಲ್ಲ, ಮೊಬೈಲು ತೆಗೆದು ಫೋಟೋ ಹೊಡೆಯತೊಡಗಿದರು.

ಹೊಡೆಯುತ್ತ ಹೊಡೆಯುತ್ತ ರುಚಿ ಹತ್ತಿತು. ಹುಟ್ಟಿದೂರಿನಲ್ಲಿ ಇಂಥ ಬಾಗಿಲುಗಳಿವೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಒಂದರ ಮೇಲಂತೂ ಗಿಳಿ, ಬಳ್ಳಿ, ಕುದುರೆ ಎಲ್ಲ ಕೆತ್ತಿದ್ದರು. ಇಡೀ ಬಾಗಿಲು ಫೋಟೋದಲ್ಲಿ ಹಿಡಿಯಲೆಂದು ಹೆಜ್ಜೆಯ ಹಿಂದೆ ಹೆಜ್ಜೆಯಿಟ್ಟು ಹಿಂದಕ್ಕೆ ಸರಿದು ಕುಕ್ಕರಗಾಲಲ್ಲಿ ಕೂತರು. ಒಳಗಿನಿಂದ ಮನೆಯೊಡತಿ ಜನ್ನತಬಿ ಬಂದಳು.

"ಏನ್ ಅಳೀಲಾಕತ್ತೀರಿ?"

"ಫೋಟೋ ರಿ."

"ಬಾಗಲದ್ದಾ, ಕಟ್ಟೀದಾ?"

"ಎಲ್ಲಾ ಬರತೈತ್ರಿ. ಏನೂ ಬಿಡಂಗಿಲ್ಲ."

ಜನ್ನತಬಿಯ ಮುಖ ಸುಣ್ಣ ಬಳಿದಂತಾಯಿತು. "ಕುಂದರ್ರಿ, ಚಾ ತರತೇನಿ."

"ಬ್ಯಾಡ್ರಿ."

"ಅರ್ಧಾ ಕಪ್ಪರ?"

"ಇಲ್ರಿ. ನಾ ಎಲ್ಲೂ ಮುಟ್ಟಂಗಿಲ್ಲ."

ಇಂಡಿಯಲ್ಲಿ ಲಗ್ನ ಮುರಿದವರೂ ಚಹಾ ಕುಡಿದೇ ಮುರಿಯುತ್ತಾರೆ. ಚಹಾ ಬೇಡವೆಂದ ಸುದ್ದಿ ಶಂಕ್ರೆಪ್ಪನವರಿಗಿಂತ ಮೊದಲೇ ಮುಂದಿನ ಮನೆಗೆ ಮುಟ್ಟಿತು. ಅಲ್ಲಿಯವರು ಗಡಿಬಿಡಿಯಲ್ಲಿ ಕಟ್ಟೆಗೆ ಕೌದಿ ಹೊಚ್ಚಿ, ಮೇಲೆ ಅಜ್ಜಿಯನ್ನು ಮಲಗಿಸಿದರು. ಎಂಥ ಚಂದದ ಮುಖ ಅಂದುಕೊಂಡು ಶಂಕ್ರೆಪ್ಪನವರು ಅದನ್ನೂ ಹೊಡೆದರು. ಅಜ್ಜಿಯನ್ನೂ ಬಿಡಲಿಲ್ಲವೆಂದು ಸುತ್ತಲಿದ್ದವರು ನಿಟ್ಟುಸಿರು ಬಿಟ್ಟರು.

ತಿರುಗಿ ನೋಡಿದರೆ ಹಿಂದೆ ಐದಾರು ಗಂಡಸರು. ಇವರು ಜೋರಾಗಿ ನಡೆದರೆ ಅವರೂ ಜೋರು, ನಿಂತರೆ ಅವರೂ ನಿಂತರು. ಕಳ್ಳನೆಂದು ತಿಳಿದಿದ್ದಾರೆ, ಇನ್ನೇನು ಹಿಡಿದು ಬಡಿಯುತ್ತಾರೆ! ಟೋಪಿಯೊಳಗೆ ಕಿವಿ ಕಾದ ಹಂಚಾದವು. ಮಾರುಕಟ್ಟೆಯ ಲಿಂಬೆಹಣ್ಣಿನ ಚೀಲಗಳ ಸಂದಿಯಲ್ಲಿ ನುಸುಳಿ, ಟೋಪಿ ಕಿತ್ತು ಕಿಸೆಗೆ ತುರುಕಿ, ತಮ್ಮ ಕಡೆಯ ದಾವಲಮಲಿಕನ ಚಹಾದಂಗಡಿಗೆ ಬಂದು ಬಿದ್ದರು.

"ಸುದ್ದಿ ಕೇಳಿದ್ರೇನ್ರಿ?" ಎಂದ ದಾವಲಮಲಿಕ. "ಗಟಾರದ ಮ್ಯಾಲಿನ ಕಟ್ಟಿ ಎಲ್ಲಾ ಕೆಡವಾಕ ದೊಡ್ಡ ಸಾಹೇಬ ಬಂದಾನಂತ. ಫೋಟೋ ಹೊಡಕೋತ ಹೊಂಟಾನ. ನಾಳೆ ಜೆಸಿಬಿ."

ಶಂಕ್ರೆಪ್ಪನವರು ಕೂತಲ್ಲಿಂದ ಎದ್ದೇಬಿಟ್ಟರು. ಅವರ ಮನೆ ಮುಂದೆಯೂ ಒಂದು ಕಟ್ಟೆಯಿತ್ತು, ಅರ್ಧ ಅವರದು, ಅರ್ಧ ಗಟಾರದ್ದು. ಸಂಜೆ ಅದರ ಮೇಲೆ ಕೂತರೆ ಇಡೀ ಓಣಿ ಅವರ ಮಾತು ಕೇಳುತ್ತಿತ್ತು. ಇಳಿದರೆ ಅವರು ಬರೀ ಗುಮಾಸ್ತ.

"ಎಂಥಾವ ಅದಾನ?"

"ಆರ್ ಫೂಟ ಆಳಂತ. ಬೆಂಗಳೂರಾಂವ. ಹಿಂದ ಐದಾರು ಪೊಲೀಸರು, ಡ್ರೆಸ್ ಇಲ್ದವ್ರು."

ಐದು ಅಡಿಗೆ ಹೆಬ್ಬೆರಳಷ್ಟು ಕಡಿಮೆಯಿದ್ದ ಶಂಕ್ರೆಪ್ಪನವರು ದನಿ ತಗ್ಗಿಸಿದರು. "ಏನರ ಕೊಟ್ರ ಬಿಡಂಗಿಲ್ಲೇನು?"

"ಚಾನ ಕುಡಿದಿಲ್ರಿ ಆ ಮನಶ್ಯಾ. ಇನ್ನೇನ್ ಬಿಡ್ತಾನ? ಜೆಸಿಬಿ ಬಂತಂದ್ರ ಕಟ್ಟಿ ಅಷ್ಟ ಅಲ್ಲ, ಗ್ವಾಡಿನೂ ಎಳಕೊಂಡು ಹೋಗತೈತಿ. ಮೊದಲ ನಾವ ಕಟ್ಟಿ ತಗದ್ರ ಗ್ವಾಡಿ ಉಳಿತೈತಿ ನೋಡ್ರಿ."

ಶಂಕ್ರೆಪ್ಪನವರು ಕೂಡಲೇ ಹೆಂಡತಿಗೆ ಫೋನು ಹಚ್ಚಿದರು. "ಗೌಂಡಿ ಮಾಳಿಂಗನ್ನ ಕರದು ಕಟ್ಟಿ ಒಡಸು."

"ತಲಿ ಕೆಟ್ಟೈತೇನ್ರಿ? ನಿಮ್ಮಪ್ಪ ಕಟ್ಟಿಸಿದ್ದು."

"ಮನಿನೂ ಅವನ ಕಟ್ಟಿಸ್ಯಾನ. ಅದರ ಉಳೀಲಿ, ಒಡಸು."

ಬೆನ್ನು ಹತ್ತಿದವರ ಕಣ್ಣು ತಪ್ಪಿಸಲು ಊರೆಲ್ಲ ಸುತ್ತಿ ಓಡುತ್ತ ಮನೆಗೆ ಬಂದರು. ದಾರಿಯಲ್ಲಿ ಇಬ್ಬರು ಬೈಕು ನಿಲ್ಲಿಸಿದರೂ ಹತ್ತಲಿಲ್ಲ, ಹತ್ತಿದರೆ ಎಲ್ಲಿಗೆಂದು ಹೇಳಬೇಕಾಗುತ್ತದಲ್ಲ. ಮನೆ ಮುಂದೆ ಗಟಾರ ಬಾಯಿ ತೆರೆದುಕೊಂಡಿತ್ತು. ಮಾಳಿಂಗ ಹಾರೆ ಒರಗಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಎರಡೂ ಕಡೆಯ ಮನೆಗಳವರು ತಂತಮ್ಮ ಕಟ್ಟೆಗಳ ಮೇಲೆ ಹಾಯಾಗಿ ಕೂತು ನೋಡುತ್ತಿದ್ದರು.

"ನೀವು ಯಾಕ ಒಡದಿಲ್ಲ?" ಎಂದು ಶಂಕ್ರೆಪ್ಪನವರು ಏದುಸಿರಲ್ಲಿ ಕೇಳಿದರು.

"ಯಶೋಧಾ ಅಕ್ಕಾರು ಬ್ಯಾಡ ಅಂದ್ರು."

ಯಶೋಧಾ ಮೊಬೈಲು ಮುಂದೆ ಹಿಡಿದಳು. ಕಟ್ಟೆಯ ಕಡೆಯ ಕಲ್ಲು ಬಿದ್ದ ಮೇಲೆ ವಾಟ್ಸಾಪಿನಲ್ಲಿ ಬಂದ ಫೋಟೋ, ಕೆಳಗೆ 'ಇವನೇ ಸಾಹೇಬ, ಎಚ್ಚರ' ಎಂದಿತ್ತು. ಗಿಳಿ ಬಾಗಿಲ ಮುಂದೆ ಮಂಕಿ ಟೋಪಿಯ ಗಿಡ್ಡ ಮನುಷ್ಯನೊಬ್ಬ ಕುಕ್ಕರಗಾಲಲ್ಲಿ ಕೂತಿದ್ದ.

"ಈ ಟೋಪಿ ಹೆಣದಾಕಿ ನಾನ," ಎಂದಳು. "ಕೆಂಪು ನೂಲು ಸಾಲಲಿಲ್ಲಂತ ಎಡಗಿವಿಗೆ ಹಸರು ಹಾಕೇನಿ. ಇಂಥಾದ್ದು ಊರಾಗ ಇನ್ನೊಂದಿಲ್ಲ."

ಅಂದಿನಿಂದ ಇಂಡಿಯಲ್ಲಿ ಕಟ್ಟೆಯಿಲ್ಲದ ಮನೆ ಅದೊಂದೇ. ಅದರ ಯಜಮಾನರು ಸಂಜೆಯಾದರೆ ಕಂಡವರ ಕಟ್ಟೆಯ ಮೂಲೆಯಲ್ಲಿ ಕೂರುತ್ತಾರೆ, ಅಲ್ಲಿಯ ಸುಳ್ಳು ಕತೆಗಳನ್ನು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ಚಳಿಯಾದರೆ ಆ ಟೋಪಿಯನ್ನೇ ಹಾಕಿಕೊಂಡು, ಎಡಗಿವಿಯ ಹಸಿರು ಕಾಣದಂತೆ ಕೈ ಅಡ್ಡ ಹಿಡಿದು...

ಅಲ್ರಿ, ಯಾಕ ಎದ್ರಿ? ಕುಂದರ್ರಿ ಶಂಕ್ರೆಪ್ಪನವರ, ಚಾ ಬರಾಕತ್ತೈತಿ, ಕತಿ ಇನ್ನೂ...