ನಮ್ಮ ಹಿತ್ತಲ ಕಟ್ಟೆಯಡಿ ಕಾವಿಗೆ ಕುಳಿತ ಕೋಳಿಯವರಿಗೆ

ಪಕ್ಕದ ಮನೆಯ ಪೋಚಪ್ಪನವರ ಕೆಂಪು ಕೋಳಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಜಹೀರಾಬಾದಿನ ಕಿರಾಣಿ ವ್ಯಾಪಾರಿ ಶಿವಶಂಕರಪ್ಪನ ಶರಣು ಶರಣಾರ್ಥಿಗಳು. ತಾವು ಮಕ್ಕಳೊಂದಿಗೆ ಕ್ಷೇಮವೇ ಎಂದು ಬೇರೆ ಕೇಳಬೇಕಾಗಿಲ್ಲ, ನಸುಕಿನಿಂದಲೇ ನಮ್ಮ ಹಿತ್ತಲಲ್ಲಿ ಕೇಳಿಸುತ್ತಿದೆ. ನಮ್ಮ ಕ್ಷೇಮವನ್ನು ತಾವು ವಿಚಾರಿಸಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ. ಓಣಿಯವರಿಗೂ ತಿಳಿಯಲಿ ಎಂದು ಬಹಿರಂಗವಾಗಿ ಬರೆದಿದ್ದೇನೆ, ಮನ್ನಿಸಬೇಕು.

ನಮ್ಮ ಹಿತ್ತಲ ಕಟ್ಟೆಯನ್ನು ತಾವು ಮೇಲಿನಿಂದಲೂ ಕೆಳಗಿನಿಂದಲೂ ಬಲ್ಲಿರಿ. ಮನೆಯಿಂದ ಬಚ್ಚಲಿಗೆ ಹೋಗುವವರು ಅದನ್ನು ದಾಟಿಯೇ ಹೋಗಬೇಕು. ನಡುವಿನ ದೊಡ್ಡ ಕಲ್ಲಿನಡಿ ಮಣ್ಣು ಕುಸಿದು, ಆ ತುದಿ ತುಳಿದರೆ ಈ ತುದಿ ಏಳುತ್ತದೆ. ಹೋದ ವರ್ಷ ನನ್ನ ಹೆಂಡತಿ ಕಾಂತಾಬಾಯಿ ಅಲ್ಲಿಯೇ ತುಂಬಿದ ಕೊಡದ ಸಮೇತ ಬಿದ್ದಳು. ಈ ವರ್ಷ ಮಗಳು ಕೌಶಲ್ಯಾ ಚೊಚ್ಚಲ ಹೆರಿಗೆಗೆ ನಾರಾಯಣಖೇಡದಿಂದ ಬರುವವಳಿದ್ದಳು. ಅವಳ ಕಾಲು ಜಾರಿದರೆ ಗತಿಯೇನು ಎಂಬ ಹೆದರಿಕೆಗೆ ನನಗೆ ಊಟ ಸೇರುತ್ತಿರಲಿಲ್ಲ.

ಕಟ್ಟೆಯನ್ನು ಹೊಸದಾಗಿ ಕಟ್ಟಿಸುವ ಶಕ್ತಿ ನನಗಿಲ್ಲ. ಆದ್ದರಿಂದ ತಾಂಡೂರಿನ ಕಲ್ಲಿನ ಕಾರ್ಖಾನೆಗಳ ಹಿಂದೆ ರಾಶಿ ಬಿದ್ದಿರುವ ಮೂಲೆ ಮುರಿದ ತುಂಡುಗಳನ್ನು ನಮ್ಮಂಗಡಿಗೆ ತೊಗರಿಬೇಳೆ ತರುವ ಲಾರಿಯಲ್ಲಿ ಚೀಲಗಳ ಸಂದಿಗೆ ತುರುಕಿಸಿ ತರಿಸಿದೆ. ಝರಾಸಂಗಂ ಕಡೆಯಿಂದ ಖಾಲಿ ಬರುತ್ತಿದ್ದ ಗಾಡಿಯವನಿಗೆ ಚಹಾ ಕುಡಿಸಿ ಮರಳು ಹಾಕಿಸಿಕೊಂಡೆ. ಸರ್ಕಾರಿ ಪರ್ಮಿಟ್ಟಿಗಾಗಿ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿ ಒಂದು ಚೀಲ ಸಿಮೆಂಟ್ ದಕ್ಕಿಸಿಕೊಂಡೆ. ಕಲ್ಲು ಕಟ್ಟುವ ಗೌಂಡಿ ಅಂಜಪ್ಪ ಬಂದು, ಆ ಕಲ್ಲಿನಡಿ ಹಾರೆ ಹಾಕಲು ಪೊಳ್ಳಿನೊಳಗೆ ಕೈಯಾಡಿಸಿದಾಗ ತಾವು ಅವನ ಬೆರಳನ್ನು ಸ್ವಾಗತಿಸಿದ ರೀತಿ ಓಣಿಗೆಲ್ಲ ಕೇಳಿಸಿತು.

ತಮ್ಮ ಯಜಮಾನತಿ, ಪೋಚಪ್ಪನವರ ಹೆಂಡತಿ ಸಾಯಮ್ಮ ಓಡಿಬಂದು, “ಎಬ್ಬಿಸಬ್ಯಾಡ್ರಿ ಅಣ್ಣಾ, ತತ್ತಿ ಕೆಡ್ತಾವ” ಎಂದಳು. ಅಷ್ಟರಲ್ಲಿ ನನ್ನ ಹೆಂಡತಿಯೇ ತಮ್ಮ ಪಕ್ಷ ವಹಿಸಿ, “ಬಸುರಿ ಮಗಳು ಮನಿಗಿ ಬರಾಕತ್ತಾಳ, ಕಾವಿಗಿ ಕುಂತದ್ದನ್ನ ಎಬ್ಬಸತೀರೇನ್ರಿ?” ಎಂದು ನನ್ನನ್ನು ಕಟುಕನನ್ನು ನೋಡಿದಂತೆ ನೋಡಿದಳು. ಅಂದಿನಿಂದ ತಮಗೆ ನುಚ್ಚು, ನೀರು, ಮೇಲೆ ಗೋಣಿಚೀಲದ ನೆರಳು. ನನಗೆ ಮಾತ್ರ ಗದ್ದಲ ಮಾಡಬೇಡಿರೆಂಬ ತಾಕೀತು. ಮಳೆಗಾಲದ ತೇವಕ್ಕೆ ಸಿಮೆಂಟು ಚೀಲದಲ್ಲೇ ಕಲ್ಲಾಯಿತು. ಅಂಜಪ್ಪ ಈಗ ಬೀಡಿ ಸೇದಲು ಅದರ ಮೇಲೆ ಕೂರುತ್ತಾನೆ.

ಆದರೂ ತಮ್ಮ ನಿಷ್ಠೆಯನ್ನು ಮೆಚ್ಚದಿರಲಾರೆ. ಕೂತ ಜಾಗ ಬಿಟ್ಟೇಳದ ಬಹಳ ಮಂದಿ ಅಧಿಕಾರಿಗಳನ್ನು ಪರ್ಮಿಟ್ಟಿನ ದೆಸೆಯಿಂದ ಕಂಡಿದ್ದೇನೆ. ಆದರೆ ಹಾಗೆ ಕೂತು ಕೊನೆಗೆ ಏನಾದರೊಂದನ್ನು ಹೊರತಂದವರು ತಾವೊಬ್ಬರೇ. ಮುಂದಿನ ಸಲ ದಯಮಾಡಿ ಅಂಥದೊಂದು ಕಚೇರಿಯಲ್ಲಿಯೇ ಕಾವಿಗೆ ಕೂರಬೇಕು, ಅಲ್ಲಿ ತಮ್ಮನ್ನು ಯಾರೂ ಎಬ್ಬಿಸುವುದಿಲ್ಲ. ಹಾಗೆಯೇ ತಮ್ಮ ಮಕ್ಕಳಿಗೆ ಗೌಂಡಿ ಕೆಲಸ ಕಲಿಸಬೇಕು, ಕೆದರುವುದಂತೂ ಹುಟ್ಟಿನಿಂದಲೇ ಬರುತ್ತದೆ.

ನಿನ್ನೆ ಬೆಳಿಗ್ಗೆ ತಾವು ಮರಿಗಳನ್ನು ಕರೆದುಕೊಂಡು ಹೊರಬಂದಿರಿ. ಸುಣ್ಣದ ಗಾರೆಯಲ್ಲಾದರೂ ಮುಗಿಸೋಣವೆಂದು ನಾನು ಅಂಜಪ್ಪನನ್ನು ಎಳೆದುತಂದೆ. ಅವನು ಉಳಿ ಎತ್ತುವುದಕ್ಕೂ, ಬರುವ ವಾರ ಬರಬೇಕಾಗಿದ್ದ ಮಗಳು ಯಾರದೋ ಜೀಪು ಸಿಕ್ಕಿತೆಂದು ಬಾಗಿಲಲ್ಲಿ ಇಳಿಯುವುದಕ್ಕೂ ಸರಿಹೋಯಿತು. ಕಾಂತಾಬಾಯಿ ಉಳಿ ಕಸಿದುಕೊಂಡು, “ಬಸುರಿ ಇದ್ದ ಮನ್ಯಾಗ ಅಗಿಯೂದು ಬಡಿಯೂದು ಮಾಡಬಾರದು” ಎಂದುಬಿಟ್ಟಳು. ಇನ್ನು ಹೆರಿಗೆಯಾಗುವವರೆಗೆ ಕಟ್ಟೆಯ ಮಾತೆತ್ತುವಂತಿಲ್ಲ.

ಹೀಗಾಗಿ, ಮಾನ್ಯರೇ, ಈಗ ಕಟ್ಟೆಯ ದುರಸ್ತಿ ನಾನೇ. ಮಗಳು ಹಿತ್ತಲಿಗೆ ಹೊರಟಾಗಲೆಲ್ಲ ಮನೆಯ ಮುಂದಿನ ಅಂಗಡಿಯಲ್ಲಿ ತಕ್ಕಡಿಯನ್ನೂ ಗಿರಾಕಿಯನ್ನೂ ಹಾಗೇ ಬಿಟ್ಟು ಓಡಿಬಂದು, ಆ ಕಲ್ಲಿನ ಈಚೆ ತುದಿಯ ಮೇಲೆ ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಆಚೆ ತುದಿಯಲ್ಲಿ ಅವಳು ಕಾಲಿಟ್ಟಾಗ ಕಲ್ಲು ಅಲುಗಬಾರದು. ಬಸುರಿಗೆ ಬಚ್ಚಲ ಓಡಾಟ ಎಷ್ಟಿರುತ್ತದೆಂದು ಈ ವಯಸ್ಸಿನಲ್ಲಿ ತಿಳಿಯಿತು. ಇವತ್ತು ಮಧ್ಯಾಹ್ನ ಅಂಗಡಿಯಿಂದ ಯಾರೋ ಕೂಗಿದರೆಂದು ಇಳಿಯಲು ಕಾಲೆತ್ತಿದೆ. ಹಿಂದಿನಿಂದ ಮಗಳು ನನ್ನ ಹೆಗಲು ಬಿಗಿಯಾಗಿ ಹಿಡಿದು, “ಅಪ್ಪಾ, ಇಳೀಬ್ಯಾಡ. ನಾ ಇನ್ನಾ ದಾಟಿಲ್ಲ” ಎಂದಳು. ಗಿರಾಕಿ ಹೋದರೆ ಹೋಗಲಿ ಎಂದು ನಿಂತೆ.

ತಮ್ಮ ವಿಶ್ವಾಸಿ ಮತ್ತು ಸದ್ಯಕ್ಕೆ ಕಟ್ಟೆಯ ಮೇಲಿನ ಭಾರ,
ಶಿವಶಂಕರಪ್ಪ

ತಾಜಾಕಲಮು: ಬಾಡಿಗೆಯಿಲ್ಲದೆ ತಮ್ಮ ಬಾಣಂತನ ಮಾಡಿದ್ದಕ್ಕೆ ಪೋಚಪ್ಪನವರು ನಮಗೊಂದು ಹುಂಜವನ್ನು ಕೊಡುವುದಾಗಿ ಹೇಳಿ ಕಳುಹಿಸಿದ್ದಾರೆ. ಲಿಂಗ ಕಟ್ಟಿದ ನಾವು ಅದನ್ನಿಟ್ಟುಕೊಂಡು ಏನು ಮಾಡುವುದೆಂದು ಕಾಂತಾಬಾಯಿ ಬೇಡವೆಂದಳು. ನಾನಾದರೆ ಒಪ್ಪಿಕೊಳ್ಳುತ್ತಿದ್ದೆ. ಎಷ್ಟಾದರೂ ಹುಂಜ, ಕಾವಿಗೆ ಕೂರುವುದಿಲ್ಲ.