ಜವರಯ್ಯನ ಮಂಡಿಯ ಹೂಳು

ಜವರಯ್ಯ ಬಚ್ಚಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸದ್ದಾಗದಂತೆ ತಟ್ಟೆ ತೊಳೆಯುತ್ತಿದ್ದ. ಚೊಂಬಿನ ನೀರನ್ನು ಸುರಿಯದೆ ಬೆರಳ ಸಂದಿಯಿಂದ ಇಳಿಸಿದ. ತಿಕ್ಕಿದ, ತೊಳೆದ, ಪಂಚೆಯ ಅಂಚಿನಿಂದ ಒರೆಸಿದ. ತಟ್ಟೆಯಲ್ಲಿದ್ದ ಮುದ್ದೆ ಆಗಲೇ ಹಸುವಿನ ಬಾನಿ ಸೇರಿತ್ತು. ಹಸು ಅದನ್ನು ನುಂಗಿ, ಇನ್ನೊಂದು ಇದೆಯೇ ಎಂಬಂತೆ ಅವನನ್ನೇ ನೋಡುತ್ತಿತ್ತು.

ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವನು ತಟ್ಟೆ ತೊಳೆದದ್ದು ಅದೇ ಮೊದಲು. ಗೋಡೆಯಾಚೆ ಅಂಗಳ ಗುಡಿಸುತ್ತಿದ್ದ ಪಕ್ಕದ ಮನೆಯ ದೇವಿರಮ್ಮನಿಗೆ ಅಷ್ಟೇ ಸಾಕಾಯಿತು. ಪೊರಕೆ ಕೈಯಲ್ಲೇ ಇದ್ದಂತೆ ಹಸುವಿನ ಮೂತಿ ನೋಡಿದಳು, ಬಾನಿ ನೋಡಿದಳು, ಒಳಗೆ ಒಲೆ ಊದುತ್ತಿದ್ದ ಅವನ ಹೆಂಡತಿ ಯಶೋದಮ್ಮನ ಕಡೆಗೂ ನೋಡಿದಳು.

ಜವರಯ್ಯ ಕೊತ್ತತ್ತಿಯ ನೀರುಗಂಟಿ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನಾಲೆ ನೀರು ಹಂಚುವುದು ಅವನ ಕೆಲಸ. ಈಚೆಗೆ ಅವನ ಮಂಡಿ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಹೋದ ವಾರ ಮಳವಳ್ಳಿಯ ಶಾಲೆಯೊಂದರಲ್ಲಿ ಹೆಂಡತಿಯ ಅಣ್ಣನ ಮಗಳು ದೀಪಿಕ ಭಾಷಣ ಮಾಡಿದಳು. ಅವಳು ಮೈಸೂರಿನ ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ. ಆಹಾರ ಸಿಗದಾಗ ಜೀವಕೋಶ ತನ್ನೊಳಗಿನ ಕೆಟ್ಟುಹೋದ ಸಾಮಾನನ್ನೇ ಚೀಲ ಕಟ್ಟಿ, ಕರಗಿಸಿ, ಅದರಿಂದ ಹೊಸದನ್ನು ಮಾಡಿಕೊಳ್ಳುತ್ತದೆ ಎಂದು ಅವಳು ಹೇಳಿದಾಗ ಹಿಂದಿನ ಬೆಂಚಿನಲ್ಲಿದ್ದ ಜವರಯ್ಯನಿಗೆ ಮೈ ಜುಮ್ಮೆಂದಿತು. ಇದು ಅವನಿಗೆ ಗೊತ್ತಿದ್ದ ಕೆಲಸವೇ. ನಾಲೆಯ ಹೂಳು ತೆಗೆಯಬೇಕಾದರೆ ಮೊದಲು ನೀರು ನಿಲ್ಲಿಸಬೇಕು. ತನ್ನ ಮಂಡಿಯಲ್ಲೂ ಹೂಳು ತುಂಬಿದೆ, ಮೇಲಿನ ತೂಬು ಒಂದು ದಿನ ಮುಚ್ಚಿದರಾಯಿತು ಎಂದುಕೊಂಡ. ದೀಪ ಹಚ್ಚುವವರೆಗೆ ಬಾಯಿಗೆ ನೀರಲ್ಲದೆ ಬೇರೇನೂ ಇಲ್ಲ.

ಹೆಂಡತಿಗೆ ಹೇಳುವಂತಿರಲಿಲ್ಲ. ಯಶೋದಮ್ಮನ ಲೆಕ್ಕದಲ್ಲಿ ಉಣ್ಣದವರು ಎರಡೇ ಬಗೆ. ಒಂದು ಕಾಯಿಲೆಯವರು, ಇನ್ನೊಂದು ಮುನಿದವರು.

ಅವನು ನಾಲೆ ಏರಿ ಹತ್ತುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಕಬ್ಬಿನ ಗದ್ದೆಯವರು ಕರೆದು ಜಲ್ಲೆ ಕೊಟ್ಟರು, ಅವನು ಬೇಡವೆಂದ. ಇನ್ನೊಬ್ಬರು ಇಡ್ಲಿ ಪೊಟ್ಟಣ ಬಿಚ್ಚಿದರು, ಅವನು ಮೂಗು ಮುಚ್ಚಿಕೊಂಡು ದಾಟಿದ. ಅವನು ಬೇಡವೆಂದಷ್ಟೂ ಜನರಿಗೆ ಖಾತ್ರಿಯಾಯಿತು. ಇಷ್ಟು ದುಂಡಗಿರುವ ಮನುಷ್ಯ ಉಣ್ಣದೆ ಇರುವುದುಂಟೆ? ಮನೆಯಲ್ಲಿ ಉಣ್ಣುತ್ತಿಲ್ಲವೆಂದರೆ ಇನ್ನೆಲ್ಲೋ ಉಣ್ಣುತ್ತಿದ್ದಾನೆ. ಎಲ್ಲಿ ಎನ್ನುವುದಕ್ಕೆ ಮಧ್ಯಾಹ್ನದೊಳಗೆ ದೇವಿರಮ್ಮ ಮೂರು ಮನೆ ಗುರುತಿಸಿದ್ದಳು. ಅದರಲ್ಲಿ ಒಂದಕ್ಕೆ ಬೀಗ ಬಿದ್ದು ಎರಡು ವರ್ಷವಾಗಿತ್ತು.

ಪಂಪ್‌ಸೆಟ್ ರಿಪೇರಿಯ ಗಫಾರ್ ತನ್ನ ಅಂಗಡಿ ಮುಂದೆ ಅವನನ್ನು ನಿಲ್ಲಿಸಿಕೊಂಡ. ಜವರಯ್ಯ ಅವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದ.

"ನಾವೂ ವರ್ಸಕ್ಕೊಂದ್ ತಿಂಗ್ಳು ಉಪ್ವಾಸ ಮಾಡ್ತೀವಿ ಜವರಣ್ಣ," ಎಂದ ಗಫಾರ್, ಕೈಯ ಗ್ರೀಸು ಒರೆಸಿಕೊಳ್ಳುತ್ತ. "ಆದ್ರೆ ಮನೇವ್ರಿಗೆ ಯೋಳಿ ಮಾಡ್ತೀವಿ. ಕದ್ದು ತಿನ್ನೋರ್ನ ನೋಡಿವ್ನಿ, ಕದ್ದು ಉಪ್ವಾಸ ಮಾಡೋನ್ನ ಇವತ್ತೇ ನೋಡಿದ್ದು."

ಅವನ ಮಾತಿಗೆ ಮನೆಗೆ ಓಡಿದರೆ ಯಶೋದಮ್ಮ ಬ್ಯಾಗಿಗೆ ಸೀರೆ ತುಂಬುತ್ತಿದ್ದಳು. ಮಳವಳ್ಳಿಯಿಂದ ಅಣ್ಣ ಸಂಜೆ ಬರುತ್ತಾನಂತೆ, ಅವನ ಜೊತೆ ಹೊರಡುತ್ತಾಳಂತೆ. ಇದನ್ನೆಲ್ಲ ಅವಳು ಅವನಿಗಲ್ಲ, ಹಸುವಿಗೆ ಹೇಳಿದಳು. ಜೀವಕೋಶ ತನ್ನನ್ನೇ ತಾನು ತಿನ್ನುವ ವಿಚಾರ ಅವನು ಬಿಡಿಸಿ ಹೇಳಿದಷ್ಟೂ ಅವಳ ಮುಖ ಬಿಗಿಯಿತು.

"ನನ್ ಕೈಯೂಟ ಹಸೂಗಾಕಿ, ಈಗ ಮೈಯೊಳ್ಗೆ ಏನೋ ತಿಂತದೆ ಅಂತ ಕತೆ ಕಟ್ತೀಯ," ಎಂದಳು. "ಮೂವತ್ತೊಂದ್ ವರ್ಸ ತೊಳ್ದೋಳು ನಾನು. ಇವತ್ ತಟ್ಟೆ ತೊಳ್ಯೋದ ಯಾರ್ ಕಲ್ಸುದ್ರು?"

ಅಲ್ಲೇ ಒಂದು ಮುದ್ದೆ ನುಂಗಿದ್ದರೆ ಮುಗಿಯುತ್ತಿತ್ತು. ಆದರೆ ಈಗ ಉಂಡರೆ ತಪ್ಪೊಪ್ಪಿಕೊಂಡಂತೆ ಆಗುತ್ತದೆ. ದೀಪಿಕಳೂ ಅಪ್ಪನ ಜೊತೆ ಬರುತ್ತಾಳೆಂದು ತಿಳಿದು ಅವನು ಧೈರ್ಯ ಮಾಡಿ ಜಗುಲಿಯಲ್ಲಿ ಕೂತ. ಹೊಟ್ಟೆ ಖಾಲಿ ಬಸ್ಸಿನಂತೆ ಸದ್ದು ಮಾಡುತ್ತಿತ್ತು.

ತವರಿಗೆ ಹೊರಟವಳಾದರೂ ಅಣ್ಣ ಬರುವಾಗ ಒಲೆ ಆರಿರಬಾರದು. ಯಶೋದಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಾಟಿಕೋಳಿ ಸಾರು ಮಾಡಿದಳು. ಆ ವಾಸನೆಯಲ್ಲಿ ಜವರಯ್ಯ ಕಳೆದ ಎರಡು ಗಂಟೆಯನ್ನು ಅವನ ಶತ್ರುವೂ ಕಳೆಯಬಾರದು. ದೀಪ ಹಚ್ಚುವ ಮೊದಲೇ ಹೆಂಡತಿಯ ಅಣ್ಣ ಪುಟ್ಟಮಾದು ಮೀಸೆ ತೀಡುತ್ತ ಬಂದ, ಹಿಂದೆ ದೀಪಿಕ ಬಂದಳು. ನ್ಯಾಯ ಕೇಳಲು ದೇವಿರಮ್ಮ ಬಂದಳು. ಗಫಾರ್ ಸಾಕ್ಷಿ ಹೇಳಲು ಬಂದ.

ಎಲ್ಲ ಕೇಳಿದ ಮೇಲೆ ದೀಪಿಕ ಮೆಲ್ಲಗೆ ಬಾಯಿ ತೆರೆದಳು.

"ಮಾವ ಹೇಳಿದ್ದು ನಿಜ ಕಣತ್ತೆ. ನಮ್ಮೆಲ್ಲರೊಳಗೂ ಆ ಕೆಲಸ ನಡೀತಾನೇ ಇರುತ್ತೆ. ಚೀಲ ಕಟ್ಟೋಕೆ ಬೇಕಾದ ಕೊಬ್ಬು ಎಲ್ಲಿಂದ ಬರುತ್ತೆ ಅಂತ ಎಷ್ಟೋ ವರ್ಷ ಯಾರಿಗೂ ಗೊತ್ತಿರಲಿಲ್ಲ. ಉದ್ದಕ್ಕೆ, ಕಾಲುವೆ ಥರ ಇರೋ ಒಂದು ಪ್ರೋಟೀನು ಪಕ್ಕದಿಂದ ಅದನ್ನ ಹರಿಸುತ್ತೆ ಅಂತ ಈಚೆಗೆ ತಿಳೀತು."

"ಅಂಗಾರೆ ಅಲ್ಲೂ ಒಬ್ಬ ನೀರ್ಗಂಟಿ ಅವ್ನೆ," ಎಂದ ಜವರಯ್ಯ.

ದೀಪಿಕ ಅವನನ್ನೇ ನೋಡಿದಳು. ಇಷ್ಟು ಚೆನ್ನಾಗಿ ನಮ್ಮ ಪ್ರಯೋಗಾಲಯದಲ್ಲೂ ಯಾರೂ ಹೇಳಲಿಲ್ಲ ಮಾವ ಎಂದಳು. ಹಳೇ ಮೋಟಾರು ಬಿಚ್ಚಿ ಹೊಸದಕ್ಕೆ ಸಾಮಾನು ಹಾಕುವ ಗಫಾರ್‌ಗೂ ಎಲ್ಲ ಅರ್ಥವಾಯಿತು. ಯಶೋದಮ್ಮ ಬ್ಯಾಗಿನಿಂದ ಸೀರೆ ತೆಗೆದಳು. ತೆಗೆಯುತ್ತ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು.

"ಅಂಗಾರೆ ಈಗ ನನ್ ಮಂಡಿ ಕಿಲೀನ್ ಆಗಿರ್ತದಾ?" ಎಂದು ಅವನು ಕೇಳಿದ.

ದೀಪಿಕ ಸ್ವಲ್ಪ ಹಿಂಜರಿದಳು. ಹಿಟ್ಟು ಹುದುಗಿಸುವ ಈಸ್ಟಿನಲ್ಲಿ, ಇಲಿಯಲ್ಲಿ ಚೆನ್ನಾಗಿ ಗೊತ್ತಾಗಿದೆ, ಮನುಷ್ಯ ಎಷ್ಟು ಹೊತ್ತು ಉಪವಾಸವಿದ್ದರೆ ಎಲ್ಲಿ ಎಷ್ಟು ಆಗುತ್ತದೆಂದು ಇನ್ನೂ ಹುಡುಕುತ್ತಿದ್ದಾರೆ, ಮಂಡಿಗೆ ಡಾಕ್ಟರನ್ನೇ ಕಾಣಬೇಕು ಎಂದಳು.

"ಮತ್ತೆ ನೀನು ಎಷ್ಟೊತ್ತು ಉಪ್ವಾಸ ಇರ್ತೀಯವ್ವ?"

"ನಾನಾ? ನಾವು ಉಪವಾಸ ಕೆಡವೋದು ಈಸ್ಟನ್ನ, ಮಾವ. ನಾನು ಮೂರು ಹೊತ್ತೂ ಉಣ್ತೀನಿ."

ಅಂದಂತೆಯೇ ಅವಳು ಎರಡು ಮುದ್ದೆ ಉಂಡಳು. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವುದು ಆ ಮನೆಯಲ್ಲಿಲ್ಲ. ಪುಟ್ಟಮಾದು ಉಂಡ, ಗಫಾರ್ ಮುದ್ದೆಗೆ ಸೊಪ್ಪಿನ ಸಾರು ಹಾಕಿಸಿಕೊಂಡು ಉಂಡ. ಕೊನೆಯ ಮುದ್ದೆಯನ್ನು ಯಶೋದಮ್ಮ ಹೆಮ್ಮೆಯಿಂದ ದೇವಿರಮ್ಮನ ತಟ್ಟೆಗಿಟ್ಟಳು. ನಮ್ಮೆಜಮಾನರು ಉಪವಾಸ, ಅವರ ಪಾಲು ನೀನೇ ಉಣ್ಣು ಎಂದಳು.

ಆಮೇಲೆ ಯಶೋದಮ್ಮ ದೀಪ ಹಚ್ಚಿದಳು, ದೀಪಿಕ ಫೋನಿನಲ್ಲಿ ಒಂದು ಜೀವಕೋಶ ತೋರಿಸಿದಳು. ಕತ್ತಲೊಳಗೆ ಹಸಿರು ಚುಕ್ಕೆಯೊಂದು ಹೊಳೆಯಿತು. ಅದು ಬಟ್ಟಲಾಯಿತು, ಬಟ್ಟಲು ಬಾಯಿ ಮುಚ್ಚಿ ಚೀಲವಾಯಿತು. ದೇವಿರಮ್ಮನೂ ತಟ್ಟೆ ಬಿಟ್ಟು ಹತ್ತಿರ ಸರಿದಳು. ನಾಲ್ಕು ತಲೆಗಳು ಆ ಪುಟ್ಟ ಬೆಳಕಿನ ಮೇಲೆ ಬಾಗಿದವು, ಇನ್ನೊಮ್ಮೆ ತೋರಿಸು ಎಂದವು. ಜವರಯ್ಯನೂ ಇಣುಕಿ ನೋಡಿದ. ಚೆಂದವಿತ್ತು, ನಿಜಕ್ಕೂ ಚೆಂದವಿತ್ತು. ಅವನು ಗಂಟಲು ಸರಿಮಾಡಿಕೊಂಡ. ಒಬ್ಬರೂ ತಲೆ ಎತ್ತಲಿಲ್ಲ.

"ಯಸೋದಾ, ತಳದಾಗೆ ಏನಾರ ಉಳಿದಿದ್ರೆ ನಂಗೊಂಚೂರು ಆಕು."